‘ಹಾಗೆ’ ಎಂಬ ಒಂದು ಮಾತು

ಗಂಗೊಳ್ಳಿಯವರಿಗೆ ಕುಂದಾಪುರವು ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಸಂಜೆಯಾದರೆ ಹೊಳೆಯ ಆಚೆ ದಡದ ದೀಪಗಳನ್ನು ಬಂದರಿನ ಕಟ್ಟೆಯ ಮೇಲೆ ಕುಳಿತು ಎಣಿಸಬಹುದು. ಬಸ್ಸು ಹತ್ತಿ ಹೊರಟರೋ, ಮುಳ್ಳಿಕಟ್ಟೆ, ಅರಾಟೆ, ಹೆಮ್ಮಾಡಿಗಳನ್ನೆಲ್ಲ ಸುತ್ತಿಕೊಂಡು ಹದಿನೈದು ಕಿಲೋಮೀಟರಿಗೆ ಕಡಿಮೆಯಾಗದ ದಾರಿ. ಐದು ಹೊಳೆಗಳು ಕೂಡಿ ಕಡಲು ಸೇರುವ ಪಂಚಗಂಗಾವಳಿಯ ಬಾಯಿ ಅಷ್ಟು ಅಗಲ. ಆ ಕಡೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನ್ನ ಮಿತ್ರರೊಬ್ಬರು, ಬೋಟುಗಳೆಲ್ಲ ದಡಕ್ಕೆ ಬಂದು ಮಲಗಿರುವ ಮಳೆಗಾಲದ ಒಂದು ಭಾನುವಾರ ನಮ್ಮ ಮನೆಗೆ ಬಂದರು. ನೆನೆದ ಕೊಡೆಯನ್ನು ಮೂಲೆಗಿಟ್ಟು, ಚೀಲದಿಂದ ಒಂದು ಬಿಸ್ಕತ್ತಿನ ಡಬ್ಬಿಯನ್ನು ತೆಗೆದು ನನ್ನ ಮುಂದಿಟ್ಟರು. ಮುಚ್ಚಳದಲ್ಲಿ ಒಂದು ಸೀಳು. ತರಗತಿಯಲ್ಲಿ ಎದ್ದು ನಿಂತು ಕೇಳಲಾಗದ ಪ್ರಶ್ನೆಗಳನ್ನು ಹೆಸರು ಹಾಕದೆ ಬರೆದು ಇದರೊಳಗೆ ಹಾಕಿರೆಂದು ಅವರು ಮಕ್ಕಳಿಗೆ ಹೇಳಿದ್ದರಂತೆ.

ಹೆಚ್ಚಿನ ಚೀಟಿಗಳು ಯಾವ ಊರಿನ ಯಾವ ಕಾಲದ ಮಕ್ಕಳೂ ಕೇಳಬಹುದಾದಂಥವು. ರಾತ್ರಿ ನಿದ್ದೆಯಲ್ಲಿ ಆಗುವುದರಿಂದ ಶಕ್ತಿ ಕುಂದುತ್ತದೆಯೆ? ಮುಟ್ಟಿನ ಹೊಟ್ಟೆನೋವು ಮದುವೆಯಾದ ಮೇಲೆ ಹೋಗುತ್ತದೆಯೆ? ಎಲ್ಲರಿಗೂ ಮೀಸೆ ಬಂದು ನನಗೊಬ್ಬನಿಗೆ ಬಾರದಿದ್ದರೆ ದೋಷವೆ? ಇವಕ್ಕೆಲ್ಲ ಅವರು ಪರಿಚಯದ ವೈದ್ಯರೊಬ್ಬರನ್ನು ಕೇಳಿ ಉತ್ತರ ಹೇಳಿಯೂ ಆಗಿತ್ತು. ಒಂದು ಚೀಟಿಯನ್ನು ಮಾತ್ರ ಡಬ್ಬಿಯಲ್ಲಿಡದೆ ಕಿಸೆಯಲ್ಲಿಟ್ಟುಕೊಂಡು ಬಂದಿದ್ದರು. ಅದರಲ್ಲಿ ಹೀಗೆ ಬರೆದಿತ್ತು: “ಸರ್, ಹುಡುಗಿಯರನ್ನು ಕಂಡರೆ ನನ್ನ ದೋಸ್ತಿಗಳಿಗೆ ಆಗುವ ಹಾಗೆ ನನಗೆ ಆಗುವುದಿಲ್ಲ. ಹುಡುಗರನ್ನು ಕಂಡರೆ ಹಾಗೆ ಆಗುತ್ತದೆ. ಇದಕ್ಕೆ ಮದ್ದು ಉಂಟಾ?”

“ಮದ್ದು ಬೇಕಾದ ಕಾಯಿಲೆಯೇ ಅಲ್ಲ ಇದು ಅಂತ ಇಡೀ ತರಗತಿಗೇ ಹೇಳಿದೆ” ಎಂದರು ಮಿತ್ರರು. “ಆದರೆ ಅವ ಯಾರು ಅಂತ ನನಗೆ ಗೊತ್ತಿಲ್ಲ, ಗೊತ್ತಾಗೂದೂ ಬೇಡ. ಲೈಬ್ರರಿಯಲ್ಲಿ ಅವನ ಕೈಗೆ ಸಿಕ್ಕೂ ಹಾಂಗೆ ಎಂತ ಪುಸ್ತಕ ಇಡೂದು ಮಾರಾಯ್ರೆ? ನೀವು ಪುಸ್ತಕದ ವಿಷಯ ಬರೆಯುವವರಲ್ಲದಾ, ಹೇಳಿ ಕಾಂಬ.”

ಪುಸ್ತಕಗಳ ಗುಣದೋಷಗಳನ್ನು ಕುರಿತು ಹತ್ತಾರು ವರ್ಷ ಬರೆದವನಿಗೆ ಈ ಪ್ರಶ್ನೆಗೆ ಕೂಡಲೆ ಉತ್ತರ ಹೊಳೆಯಲಿಲ್ಲ. ಶೈಲಿ, ಪಾತ್ರಪೋಷಣೆ, ಸಂವಿಧಾನ ಎಂದೆಲ್ಲ ನಾವು ಇಟ್ಟುಕೊಂಡಿರುವ ಅಳತೆಗೋಲುಗಳಲ್ಲಿ ಇದನ್ನು ಅಳೆಯುವ ಕೋಲು ಇಲ್ಲ. ಹದಿನೇಳು ವರ್ಷದ ಒಬ್ಬನು ತನ್ನ ಪ್ರಶ್ನೆಯನ್ನು ಈ ಕೃತಿಯಲ್ಲಿ ಕಾಣಬಲ್ಲನೆ, ಕಂಡು ಹೆದರದೆ ಮುಂದಿನ ಪುಟಕ್ಕೆ ಹೋಗಬಲ್ಲನೆ ಎಂಬ ದೃಷ್ಟಿಯಿಂದ ನಮ್ಮ ಸಾಹಿತ್ಯವನ್ನು ಒಮ್ಮೆ ನೋಡೋಣವೆಂದು ಕುಳಿತೆ. ಇದು ಉಪಯೋಗವಾದವಲ್ಲವೆ ಎಂದು ಯಾರಾದರೂ ಹುಬ್ಬು ಗಂಟಿಕ್ಕಬಹುದು. ಇರಲಿ. ಸಾಹಿತ್ಯದಿಂದ ಬದುಕಿಗೆ ಬೆಳಕು ಬರುತ್ತದೆಂದು ಸಭೆಗಳಲ್ಲಿ ಹೇಳಿಕೊಂಡು ಬಂದವರು ನಾವೇ ತಾನೆ?

ಮೊದಲು ನೆನಪಾದದ್ದು ನಮ್ಮ ಸೀಮೆಯದೇ ಆದ ‘ಮರಳಿ ಮಣ್ಣಿಗೆ’. 1941ನೆಯ ಇಸವಿಯಲ್ಲಿ ಪ್ರಕಟವಾದ ಶಿವರಾಮ ಕಾರಂತರ ಈ ಕಾದಂಬರಿಯನ್ನು ಮೂರು ತಲೆಮಾರುಗಳ ಕಥೆಯೆಂದೂ, ಮಣ್ಣಿನ ಸೆಳೆತದ ಕಥೆಯೆಂದೂ, ಪಾರೋತಿ ಸರಸೋತಿಯರ ದುಡಿಮೆಯ ಕಥೆಯೆಂದೂ ನಮ್ಮ ವಿಮರ್ಶಕರು ಬಣ್ಣಿಸಿದ್ದಾರೆ, ಸರಿಯಾಗಿಯೇ ಬಣ್ಣಿಸಿದ್ದಾರೆ. (ಕಾದಂಬರಿಯ ಕೋಡಿ ಕೋಟದ ಕಡೆಯದು. ಗಂಗೊಳ್ಳಿಯ ಎದುರಿಗೆ ಹೊಳೆಯಾಚೆ ಕಾಣುವ ಕೋಡಿಯನ್ನೇ ಅದೆಂದು ತಿಳಿದು ನೋಡಲು ಬಂದವರನ್ನು ನಾನು ಕಂಡಿದ್ದೇನೆ.) ಆದರೆ ಅದರ ನಡುವಿನ ಭಾಗದಲ್ಲಿ ಇನ್ನೊಂದು ಕಥೆಯಿದೆ. ರಾಮ ಐತಾಳರು ಮಗ ಲಚ್ಚ ಇಂಗ್ಲಿಷ್ ಕಲಿತು ದೊಡ್ಡವನಾಗಲಿ ಎಂದು ಅವನನ್ನು ಕುಂದಾಪುರಕ್ಕೆ ಕಳಿಸುತ್ತಾರೆ. ಹುಡುಗ ಪೇಟೆಯ ಸಹವಾಸಕ್ಕೆ ಬೀಳುತ್ತಾನೆ. ಮದುವೆಯಾಗುತ್ತದೆ. ಪೇಟೆಯಿಂದ ತಂದ ರೋಗ ಏನೂ ಅರಿಯದ ನಾಗವೇಣಿಯ ಮೈಸೇರುತ್ತದೆ. ಅವಳು ಹೆತ್ತ ಕೂಸು ಉಳಿಯುವುದಿಲ್ಲ. ಕೊನೆಗೆ ಐತಾಳರು ಆಸ್ತಿಯನ್ನು ಮಗನಿಗೆ ಕೊಡದೆ ಸೊಸೆಯ ಹೆಸರಿಗೆ ಬರೆಯುವಷ್ಟರ ಮಟ್ಟಿಗೆ ಮನೆ ಒಡೆಯುತ್ತದೆ.

ಲೈಂಗಿಕ ರೋಗವೊಂದು ಗೃಹಸ್ಥರ ಮನೆಯೊಳಗೆ ಬಂದು ಏನು ಮಾಡುತ್ತದೆಂಬುದನ್ನು ಆ ಕಾಲದಲ್ಲಿ, ಮಡಿಹುಡಿಯ ಆ ಸಮಾಜವನ್ನಿಟ್ಟುಕೊಂಡು ಬರೆದ ಧೈರ್ಯ ಸಾಮಾನ್ಯವಲ್ಲ. ಪೆನಿಸಿಲಿನ್ ಜನಸಾಮಾನ್ಯರ ಕೈಗೆಟುಕಿದ್ದು 1940ರ ದಶಕದ ನಡುವಿನಿಂದ ಈಚೆಗೆ. ಕಾದಂಬರಿ ಹೊರಬಂದಾಗ ಅಂಥ ರೋಗ ತಾಗಿದ ಹೆಂಗಸಿಗೆ ಮಕ್ಕಳನ್ನು ಕಳೆದುಕೊಳ್ಳುವುದು ಹಣೆಬರಹವೇ ಆಗಿತ್ತು. ಕಾರಂತರು ಅದನ್ನು ಶಾಪವೆನ್ನಲಿಲ್ಲ, ಕರ್ಮವೆನ್ನಲಿಲ್ಲ. ಒಬ್ಬರಿಂದ ಒಬ್ಬರಿಗೆ ದಾಟುವ ರೋಗವೆಂದೇ ಕಂಡರು. ಆ ಕಾಣ್ಕೆಗೆ ತಲೆಬಾಗಲೇಬೇಕು.

ಆದರೂ ಈ ಸಲ ಓದುವಾಗ ನನ್ನನ್ನು ಬೇರೊಂದು ಸಂಗತಿ ಕಾಡಿತು. ಪಾರೋತಿಯ ಒಳಗು ನಮಗೆ ಗೊತ್ತು. ಸರಸೋತಿಯ ಮೌನದ ಒಳಗೇನಿದೆಯೆಂದು ಗೊತ್ತು. ನಾಗವೇಣಿಯ ರಾತ್ರಿಗಳು ಗೊತ್ತು. ಮೊಮ್ಮಗ ರಾಮನು ಕಡಲ ದಂಡೆಯಲ್ಲಿ ನಿಂತಾಗ ಅವನ ಮನಸ್ಸಿನಲ್ಲಿ ಏಳುವುದನ್ನೂ ಕಾದಂಬರಿಕಾರರು ನಮಗೆ ಕಾಣಿಸುತ್ತಾರೆ. ಲಚ್ಚನ ಒಳಗು ಮಾತ್ರ ನಮಗೆ ಸಿಕ್ಕುವುದಿಲ್ಲ. ಅವನು ಏನು ಮಾಡಿದನೆಂಬುದು ತಿಳಿಯುತ್ತದೆ. ಹದಿನಾಲ್ಕರಲ್ಲಿ, ಹದಿನೈದರಲ್ಲಿ, ಮನೆಯಿಂದ ದೂರವಾಗಿ ಪೇಟೆಯಲ್ಲಿದ್ದ ಹುಡುಗನಿಗೆ ಮೈ ಬದಲಾಗುವಾಗ ಏನೆನ್ನಿಸಿತು, ಯಾರನ್ನು ಕೇಳಬೇಕೆನಿಸಿತು ಎಂಬುದು ತಿಳಿಯುವುದಿಲ್ಲ. ಆ ಮನೆಯಲ್ಲಿ ಗಂಡಸರ ಮಾತೆಂದರೆ ಗದ್ದೆ, ಸಾಲ, ಪೌರೋಹಿತ್ಯ. ಹೆಂಗಸರ ಮಾತು ಅಡಿಗೆಮನೆಯ ಹೊಸ್ತಿಲನ್ನು ದಾಟುವುದಿಲ್ಲ. ಉಪನಯನದ ದಿನ ಹುಡುಗನ ಕಿವಿಯಲ್ಲಿ ಗಾಯತ್ರಿಯನ್ನು ಹೇಳಿದ ತಂದೆ, ಅದಾದ ಮೇಲೆ ಅದೇ ಕಿವಿಯಲ್ಲಿ ಇನ್ನೊಂದು ಮಾತನ್ನೂ ಹೇಳಬೇಕಾಗಿತ್ತು ಎಂದು ಆ ಕಾದಂಬರಿಯೊಳಗೆ ಯಾರಿಗೂ ಹೊಳೆಯುವುದಿಲ್ಲ. ಹೀಗಾಗಿ ಲಚ್ಚ ಕೆಟ್ಟವನಾಗಿಯೇ ನಮ್ಮ ಮುಂದೆ ಬರುತ್ತಾನೆ. ಕೆಡುವುದನ್ನು ನಾವು ನೋಡುವುದಿಲ್ಲ.

ಇದನ್ನು ಕಾರಂತರ ದೋಷವೆಂದು ಎಣಿಸಬೇಕೆ? ಅವರ ಸಹಾನುಭೂತಿ ಹೆಂಗಸರ ಕಡೆಗಿತ್ತು, ಇರಬೇಕಾದದ್ದೂ ಅಲ್ಲಿಯೇ. ಲಚ್ಚನಿಂದ ನೊಂದವರು ಲೆಕ್ಕವಿಲ್ಲದಷ್ಟಿರುವಾಗ ಅವನಿಗಾಗಿ ಮರುಗುವ ಪುರುಸೊತ್ತು ಕಾದಂಬರಿಗೆ ಇರಲಿಲ್ಲ ಎನ್ನಬಹುದು. ಆದರೆ ನಕ್ಷತ್ರದಿಂದ ಹಿಡಿದು ಹುಳಹುಪ್ಪಟೆಯವರೆಗೆ ಜಗತ್ತನ್ನೆಲ್ಲ ಮಕ್ಕಳಿಗೆ ತಿಳಿಯಹೇಳಲು ‘ಬಾಲಪ್ರಪಂಚ’ವನ್ನು ಕಟ್ಟಿದ ಕೈ ಅದು. ಮಕ್ಕಳಿಗೆ ಹೇಳಬಾರದ್ದು ಯಾವುದೂ ಇಲ್ಲವೆಂದು ನಂಬಿದ್ದವರ ಕಾದಂಬರಿಯಲ್ಲಿ ಒಬ್ಬ ಹುಡುಗನಿಗೆ ಹೇಳುವವರು ಒಬ್ಬರೂ ಇಲ್ಲದೆ ಹೋದರೆ, ಅದು ಲೇಖಕರ ಮರೆವಿಗಿಂತ ಹೆಚ್ಚಾಗಿ ನಮ್ಮ ಸಮಾಜದ ಯಥಾವತ್ತಾದ ಚಿತ್ರ ಎಂದೇ ನಾನು ತಿಳಿಯುತ್ತೇನೆ. ಲಚ್ಚನ ರೋಗಕ್ಕೆ ಈಗ ಚುಚ್ಚುಮದ್ದುಂಟು. ಅವನ ಸುತ್ತ ಇದ್ದ ಮೌನಕ್ಕೆ ಕುಂದಾಪುರದಲ್ಲಾಗಲಿ ಗಂಗೊಳ್ಳಿಯಲ್ಲಾಗಲಿ ಚಿಕಿತ್ಸೆ ಇನ್ನೂ ಆರಂಭದಲ್ಲಿದೆ.

ಕಾರಂತರೇ 1970ರಲ್ಲಿ ‘ಮೈಮನಗಳ ಸುಳಿಯಲ್ಲಿ’ ಬರೆದು ಬಸರೂರಿನ ಮಂಜುಳೆಯನ್ನು ಕೊಟ್ಟರು. ಕಾಮವನ್ನು ಬೈಗುಳವಿಲ್ಲದೆ, ಭಜನೆಯೂ ಇಲ್ಲದೆ ಮಾತಾಡಬಹುದೆಂದು ಕನ್ನಡದಲ್ಲಿ ತೋರಿಸಿಕೊಟ್ಟ ದೊಡ್ಡ ಪ್ರಯತ್ನವದು. ಆದರೆ ಅದು ಬದುಕನ್ನು ಕಂಡುಂಡವಳ ಮಾತು. ಕೇಳುವವರಿಗೂ ಅಷ್ಟು ವಯಸ್ಸಾಗಿರಬೇಕು. ಅದಕ್ಕೆ ಮುಂಚೆ, 1963ರಲ್ಲಿ, ಅನಂತಮೂರ್ತಿಯವರ ‘ಘಟಶ್ರಾದ್ಧ’ದ ಪುಟ್ಟ ಹುಡುಗ ಯಮುನಕ್ಕನ ಮೈಗೆ ಏನಾಗುತ್ತಿದೆಯೆಂದು ಅರಿಯದೆ ತಬ್ಬಿಬ್ಬಾಗಿ ನಿಂತಿದ್ದ. ಆ ಕಥೆಯಿರುವ ಸಂಕಲನದ ಹೆಸರು ‘ಪ್ರಶ್ನೆ’. ನಮ್ಮ ನವ್ಯರು ಮಕ್ಕಳ ಕಣ್ಣಿನಿಂದ ದೊಡ್ಡವರ ಕಾಮವನ್ನು ಚೆನ್ನಾಗಿ ನೋಡಿದರು. ಮಕ್ಕಳದೇ ಆದ ಮೈಯನ್ನು ಅಷ್ಟಾಗಿ ನೋಡಲಿಲ್ಲ.

ಚೀಟಿಯ ವಿಷಯಕ್ಕೆ ಬರೋಣ. ಅದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಹಾಗೆ’ ಎಂಬ ಮಾತು. ಎರಡು ಸಲ ಬಂದಿದೆ. ಆ ಹುಡುಗನ ಬಳಿ ಇರುವುದು ಅದೊಂದೇ ಶಬ್ದ. ನಮ್ಮ ಭಾಷೆಯಲ್ಲಿ ಹೆಣ್ಣುಮಗಳು ಮೈನೆರೆಯುತ್ತಾಳೆ, ದೊಡ್ಡವಳಾಗುತ್ತಾಳೆ, ಹೊರಗಾಗುತ್ತಾಳೆ. ಮಾತಿನಲ್ಲಿ ಮಡಿಮೈಲಿಗೆಯ ಕಹಿ ಇದ್ದರೂ ಮಾತಾದರೂ ಉಂಟು. ಹುಡುಗನಿಗೇನುಂಟು? ಮೀಸೆ ಚಿಗುರುತ್ತದೆ, ಸ್ವರ ಒಡೆಯುತ್ತದೆ. ಹೊರಗಿನವರಿಗೆ ಕಾಣುವುದಕ್ಕೆ, ಕೇಳುವುದಕ್ಕೆ ಮಾತ್ರ ಹೆಸರಿದೆ. ಉಳಿದದ್ದಕ್ಕೆ ಎರಡು ಬಗೆಯ ಶಬ್ದಗಳು: ಒಂದು, ಬಂದರಿನಲ್ಲಿ ಜಗಳವಾದಾಗ ಕೇಳಿಬರುವ ಬೈಗುಳ, ಇನ್ನೊಂದು, ಪಠ್ಯಪುಸ್ತಕದ ಸಂಸ್ಕೃತ. ‘ಸ್ವಪ್ನಸ್ಖಲನ’ವೆಂದು ಪುಸ್ತಕದಲ್ಲಿರುವುದು ತನಗೆ ಮೊನ್ನೆ ರಾತ್ರಿ ಆದದ್ದೇ ಎಂದು ತಿಳಿಯಲು ಹುಡುಗ ಕೋಶ ತೆಗೆದು ನೋಡಬೇಕು. ಬೈಗುಳಕ್ಕೂ ಕೋಶಕ್ಕೂ ನಡುವೆ ಇಬ್ಬರು ಮನುಷ್ಯರು ಮುಖ ನೋಡಿ ಮಾತಾಡಬಹುದಾದ ಕನ್ನಡವೊಂದು ಬೇಕು. ಅದನ್ನು ಹುಟ್ಟಿಸಬೇಕಾದವರು ವೈದ್ಯರಿಗಿಂತ ಮೊದಲು ಲೇಖಕರು.

ಆ ಜಾಗ ಬರಿದಾಗಿರುವುದರಿಂದಲೇ ಅಲ್ಲಿ ಬೇರೆಯವರು ಅಂಗಡಿ ಹಾಕಿದ್ದಾರೆ. ಬಸ್ ನಿಲ್ದಾಣದ ಮೂತ್ರಿಖಾನೆಯ ಗೋಡೆಯ ಮೇಲೆ ‘ಗುಪ್ತರೋಗ’, ‘ಧಾತು ನಷ್ಟ’, ‘ಯೌವನದ ತಪ್ಪುಗಳು’ ಎಂದು ದಪ್ಪಕ್ಷರಗಳಲ್ಲಿ ಓದದವರು ಯಾರು? ಇಂಥ ತಾರೀಖು ಇಂಥ ಲಾಡ್ಜಿನಲ್ಲಿ ಸಿಕ್ಕುತ್ತಾರೆ ಎಂಬ ಆ ವೈದ್ಯರ ಜಾಹೀರಾತುಗಳು ದಿನಪತ್ರಿಕೆಗಳಲ್ಲೂ ಬಂದಿವೆ. ಪತ್ರಿಕೆಯ ಪುರವಣಿಯಲ್ಲಿ ಬರೆಯುವ ನಾನು ಇದನ್ನು ಮುಚ್ಚಿಟ್ಟರೆ ಸರಿಯಲ್ಲ. ವೀರ್ಯ ಹೋದರೆ ಜೀವ ಹೋಯಿತೆಂಬ ಹೆದರಿಕೆಯೇ ಹುಡುಗರನ್ನು ಕಾಯಿಲೆಯವರನ್ನಾಗಿ ಮಾಡುವುದನ್ನು ಕಂಡು, ನಮ್ಮ ದೇಶದ ಮನೋವೈದ್ಯರಾದ ಎನ್. ಎನ್. ವಿಗ್ ಅವರು 1960ರಲ್ಲೇ ಆ ಹೆದರಿಕೆಗೆ ‘ಧಾತು’ವಿನ ಹೆಸರನ್ನೇ ಇಟ್ಟು ಬರೆದರು. ನಿದ್ದೆಯಲ್ಲಿ ಆಗುವುದು ರೋಗವಲ್ಲ, ಅದರಿಂದ ಶಕ್ತಿಯೂ ಕುಂದುವುದಿಲ್ಲ. ಈ ಎರಡು ವಾಕ್ಯಗಳನ್ನು ಹತ್ತನೆಯ ತರಗತಿಯಲ್ಲಿ ಒಬ್ಬ ಮೇಷ್ಟರು ಗಟ್ಟಿಯಾಗಿ ಹೇಳಿಬಿಟ್ಟರೆ ಎಷ್ಟೋ ಲಾಡ್ಜುಗಳು ಖಾಲಿಯಾಗುತ್ತವೆ. ಪಾಠವಿಲ್ಲವೆಂದಲ್ಲ, ವಿಜ್ಞಾನದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವುಂಟು. ಹೂವು, ಪರಾಗ, ಕೇಸರಗಳವರೆಗೆ ಸೊಗಸಾಗಿ ನಡೆಯುವ ಪಾಠ, ಮನುಷ್ಯನ ಹತ್ತಿರ ಬರುತ್ತಲೇ ‘ಮುಂದಿನದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ನಿಂತುಹೋಗುವುದನ್ನು ನಾವೆಲ್ಲ ಅನುಭವದಿಂದ ಬಲ್ಲೆವು. ಹರೆಯದ ಮಕ್ಕಳಿಗಾಗಿ ಕೇಂದ್ರದವರು ಸಿದ್ಧಮಾಡಿದ್ದ ಶಿಕ್ಷಣಕ್ರಮವನ್ನು 2007ರಲ್ಲಿ ಬೇಡವೆಂದ ರಾಜ್ಯಗಳಲ್ಲಿ ನಮ್ಮದೂ ಒಂದು. ಸಂಸ್ಕೃತಿಗೆ ಧಕ್ಕೆಯೆಂಬುದು ಆಗ ಕೇಳಿಬಂದ ಕಾರಣ. ಬಸ್ ನಿಲ್ದಾಣದ ಗೋಡೆಯಿಂದ ಸಂಸ್ಕೃತಿಗೆ ಏನಾಗುತ್ತದೆಂದು ಯಾರೂ ಕೇಳಿದ್ದನ್ನು ಕಾಣೆ.

ಹುಡುಗಿಯರ ವಿಚಾರದಲ್ಲಿ ಕನ್ನಡ ಗದ್ಯ ಕೊಂಚ ಮುಂದಿದೆ. ಡಾ. ಅನುಪಮಾ ನಿರಂಜನರು ವೈದ್ಯರೂ ಕಾದಂಬರಿಕಾರರೂ ಆಗಿದ್ದುದು ನಮ್ಮ ಭಾಗ್ಯ. ಅವರ ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ಗಳು ಮದುವೆಯ ಉಡುಗೊರೆಯಾಗಿ ಮನೆಮನೆಗೆ ಹೋದವು. ಈ ಹೆಸರುಗಳನ್ನು ಗಮನಿಸಿ: ತಾಯಿಗೆ, ವಧುವಿಗೆ, ದಂಪತಿಗಳಿಗೆ. ತಿಳಿಯುವ ಅಧಿಕಾರ ಬರುವುದು ತಾಳಿಯಿಂದ ಎಂಬ ಸಮಾಜದ ನಂಬಿಕೆಯೊಳಗೇ ನಿಂತು ಅವರು ಕೆಲಸ ಮಾಡಬೇಕಾಯಿತು. ಹಾಗೆ ನಿಂತೇ ಅದನ್ನು ಸ್ವಲ್ಪ ಸಡಿಲಿಸಿ ‘ಕೇಳು ಕಿಶೋರಿ’ ಎಂದೂ ಬರೆದರು. ಈ ಶೀರ್ಷಿಕೆ ನನಗೆ ಬಹಳ ಮೆಚ್ಚು. ಉಪದೇಶಕ್ಕೆ ಕಿವಿಗೊಡು ಎಂದೂ ಅರ್ಥ, ಪ್ರಶ್ನೆ ಕೇಳು ಎಂದೂ ಅರ್ಥ. ಹೀಗೆಯೇ ಕೈಯಿಂದ ಕೈಗೆ ಹೋದ ‘ಕೇಳು ಕಿಶೋರ’ ಎಂಬ ಪುಸ್ತಕವನ್ನು ಮಾತ್ರ ನಾನು ಕಂಡಿಲ್ಲ. ಹುಡುಗನಿಗೆ ಯಾರೂ ಹೇಳದೆಯೂ ಎಲ್ಲ ತಿಳಿದಿರುತ್ತದೆಂಬ ಭ್ರಮೆಯಿಂದ ಲಚ್ಚನಂಥವರು ಹುಟ್ಟುತ್ತಾರೆ.

ಕುಂದಾಪುರದವರೇ ಆದ ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 2008ರಲ್ಲಿ ತೆರೆಗೆ ತಂದ ‘ಗುಲಾಬಿ ಟಾಕೀಸು’ ಇಲ್ಲಿ ನೆನಪಿಗೆ ಬರುತ್ತದೆ. ನಮ್ಮ ಅಳಿವೆಯ ಮೀನುಗಾರರ ನಡುವೆ ಬದುಕುವ ಸೂಲಗಿತ್ತಿ ಗುಲಾಬಿಯ ಮನೆಗೆ ಟೀವಿ ಬರುತ್ತದೆ. ಅದನ್ನು ನೋಡುವ ನೆವದಲ್ಲಿ ಹೆಂಗಸರು ಕೂಡುತ್ತಾರೆ. ನೇತ್ರು ಎಂಬ ಎಳೆಯ ಹೆಂಗಸು ಮನೆಯಲ್ಲಿ ಆಡಲಾಗದ್ದನ್ನು ಅಲ್ಲಿ ಆಡುತ್ತಾಳೆ. ಉಮಾಶ್ರೀಯವರ ಅಭಿನಯವನ್ನು ಎಲ್ಲರೂ ಹೊಗಳಿದರು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಆ ಮನೆಯ ಚಾಪೆ. ಕೇಳುವುದಕ್ಕೆ ಒಂದು ಜಾಗ ಬೇಕು, ತೀರ್ಪು ಕೊಡದೆ ಕೇಳಿಸಿಕೊಳ್ಳುವ ಒಬ್ಬ ಮನುಷ್ಯರು ಬೇಕು. ನೇತ್ರು ಕಾಣೆಯಾದಾಗ ಊರು ದೂರುವುದು ಯಾರನ್ನು? ಕೇಳಿಸಿಕೊಂಡವಳನ್ನು. ನನ್ನ ಮಿತ್ರರು ಡಬ್ಬಿಯನ್ನು ಚೀಲದೊಳಗಿಟ್ಟು ತಂದದ್ದಕ್ಕೆ ಕಾರಣ ಈಗ ಓದುಗರಿಗೆ ತಿಳಿದಿರಬಹುದು.

ಇನ್ನು ಆ ಹುಡುಗನ ನಿಜವಾದ ಪ್ರಶ್ನೆ. ಗಂಡು ಗಂಡನ್ನು ಬಯಸುವುದು, ಗಂಡೆಂದು ಹುಟ್ಟಿದವರು ತಮ್ಮನ್ನು ಹೆಣ್ಣೆಂದು ಅರಿಯುವುದು, ಇವೆರಡೂ ಬೇರೆ ಬೇರೆ; ಊರವರ ಗೇಲಿಗೆ ಮಾತ್ರ ಎರಡೂ ಒಂದೇ. ನಮ್ಮ ಕಡೆ ಈ ಗೇಲಿಯಲ್ಲಿ ಒಂದು ವಿಚಿತ್ರವುಂಟು. ಗಂಗೊಳ್ಳಿಗೆ ಹೋಗುವ ದಾರಿಯ ಅರಾಟೆಯು ಬಡಗುತಿಟ್ಟಿನ ಸ್ತ್ರೀವೇಷಕ್ಕೆ ಹೆಸರಾದ ಅರಾಟೆ ಮಂಜುನಾಥರಿಂದ ಯಕ್ಷಗಾನಪ್ರಿಯರಿಗೆಲ್ಲ ಪರಿಚಿತ. ಮಾರಣಕಟ್ಟೆಯದೋ ಮಂದಾರ್ತಿಯದೋ ಮೇಳದ ಆಟ ನಡೆದರೆ, ಗಂಡಸೊಬ್ಬ ಹೆಣ್ಣಾಗಿ ಬಳುಕುವುದನ್ನೂ ನಾಚುವುದನ್ನೂ ಅಳುವುದನ್ನೂ ಊರಿಗೆ ಊರೇ ಬೆಳಗಿನವರೆಗೆ ಕುಳಿತು ನೋಡಿ, “ಹೆಣ್ಣಿಗೂ ಹೀಂಗೆ ಬತ್ತಿಲ್ಲೆ ಮಾರಾಯಾ” ಎಂದು ತಲೆದೂಗುತ್ತದೆ. ಅದೇ ಬೆಳಿಗ್ಗೆ ಶಾಲೆಯಲ್ಲಿ ಒಬ್ಬ ಹುಡುಗನ ನಡಿಗೆ ಸ್ವಲ್ಪ ಮೆತ್ತಗಿದ್ದರೆ ಅದೇ ಊರು ಅವನನ್ನು ಅಣಕಿಸಿ ಅಳಿಸುತ್ತದೆ. ವೇಷ ಕಟ್ಟಿದವನು ಕಲಾವಿದ. ಅವನ ವೇಷದಿಂದ ಅವನ ಬಾಳನ್ನು ಊಹಿಸುವುದು ಅವಿವೇಕ. ನಾನು ಹೇಳುವುದು ನೋಡುವವರ ಮಾತನ್ನು. ರಂಗಸ್ಥಳದಲ್ಲಿ ಇಷ್ಟು ಹಿಗ್ಗುವ ಕಣ್ಣು ಅಂಗಳದಲ್ಲಿ ಇಷ್ಟು ಕುಗ್ಗುವುದು ಏಕೆ?

ಈ ಅಂಗಳದ ಹುಡುಗನನ್ನು ಕನ್ನಡದಲ್ಲಿ ಕಥೆಯ ನಡುಮನೆಗೆ ತಂದದ್ದು ವಸುಧೇಂದ್ರರ ‘ಮೋಹನಸ್ವಾಮಿ’. ಸಂಕಲನ ಬಂದದ್ದು 2013ರಲ್ಲಿ. 377ನೆಯ ಕಲಮು ಆಗ ಇನ್ನೂ ಹೋಗಿರಲಿಲ್ಲ; ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಈ ಸರಣಿಯ ಒಂದು ಕಥೆ ಮೊದಲು ‘ದೇಶ ಕಾಲ’ ಪತ್ರಿಕೆಯಲ್ಲಿ ಅಚ್ಚಾದಾಗ ಲೇಖಕರು ಬೇರೊಂದು ಹೆಸರನ್ನು ಇಟ್ಟುಕೊಂಡಿದ್ದರು. ಅಲ್ಲಿಂದ ತಮ್ಮ ಹೆಸರಿನಲ್ಲೇ ಪುಸ್ತಕ ಹೊರತರುವವರೆಗಿನ ದಾರಿ ಎಷ್ಟು ಉದ್ದವಿದ್ದಿರಬೇಕೆಂದು ಬರೆಯುವವರಿಗೆ ಗೊತ್ತಾಗುತ್ತದೆ.

ಈ ಕಥೆಗಳು ಎಲ್ಲವೂ ಒಂದೇ ಮಟ್ಟದವಲ್ಲ. ಕೆಲವೆಡೆ ಕಥನಕ್ಕಿಂತ ಕಣ್ಣೀರು ಮುಂದಾಗುತ್ತದೆ. ಕೆಲವೆಡೆ ಪಾತ್ರ ಅನುಭವಿಸಬೇಕಾದದ್ದನ್ನು ಲೇಖಕರೇ ವಿವರಿಸಿಬಿಡುತ್ತಾರೆ. ಮೋಹನಸ್ವಾಮಿ ಓದಿ ಬೆಂಗಳೂರು ಸೇರಿದವನು. ಊರು ಬಿಡಲು ಅವನಿಗೆ ದಾರಿಯಿತ್ತು, ಬಾಗಿಲು ಹಾಕಿಕೊಳ್ಳಲು ಒಂದು ಮನೆಯಿತ್ತು. ಅಪ್ಪನೊಡನೆ ಬೋಟು ಹತ್ತಬೇಕಾದ ಹುಡುಗನಿಗೆ, ಒಂದೇ ಕೋಣೆಯಲ್ಲಿ ಏಳು ಜನ ಮಲಗುವ ಮನೆಯವನಿಗೆ ಆ ದಾರಿಯೆಲ್ಲಿ ಎಂಬ ಪ್ರಶ್ನೆಯನ್ನು ಪುಸ್ತಕ ಹೆಚ್ಚಾಗಿ ಎತ್ತುವುದಿಲ್ಲ. ಇವೆಲ್ಲ ನಿಜವಾದ ಕೊರತೆಗಳೇ.

ಇಷ್ಟಾದರೂ ಈ ಕೃತಿ ಒಂದು ಕೆಲಸ ಮಾಡಿದೆ, ಅದನ್ನು ಅದಕ್ಕಿಂತ ಹೆಚ್ಚು ಕಲಾತ್ಮಕವಾದ ಎಷ್ಟೋ ಕೃತಿಗಳು ಮಾಡಿಲ್ಲ. ‘ಸಲಿಂಗಿ’ ಎಂಬ ಶಬ್ದ ನಮ್ಮಲ್ಲಿತ್ತು. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬುದು ಸರಕಾರಿ ಕಾಗದಗಳಲ್ಲಿ ಬಂದಿತು. ಆಜ್ಞೆ ಹೊರಡಿಸಲು ಇವು ಸಾಕು; ಒಬ್ಬ ಹುಡುಗ ತನ್ನ ಗೆಳೆಯನಿಗೆ ತನ್ನ ಬಗ್ಗೆ ಹೇಳಿಕೊಳ್ಳಲು ಸಾಲವು. ವಸುಧೇಂದ್ರರು ಕೊಟ್ಟದ್ದು ಒಂದು ಹೆಸರು. ಮನೆಯಲ್ಲಿ ತಾಯಿ ಕರೆಯಬಹುದಾದ, ಹಾಜರಿ ಪುಸ್ತಕದಲ್ಲಿ ಬರೆಯಬಹುದಾದ, ದೇವರ ನೆನಪೂ ಇರುವ ಸಾಧಾರಣವಾದ ಒಂದು ಹೆಸರು. ‘ನಾನೂ ಮೋಹನಸ್ವಾಮಿಯ ಹಾಗೆ’ ಎಂದು ಈಗ ಕನ್ನಡದಲ್ಲಿ ಹೇಳಬಹುದು. ಚೀಟಿಯ ಹುಡುಗನ ‘ಹಾಗೆ’ ಯಾವುದರ ಹಾಗೆ ಎಂದು ತಿಳಿಯದೆ ಗಾಳಿಯಲ್ಲಿ ನಿಂತಿತ್ತು. ಈ ಪುಸ್ತಕದಲ್ಲಿ ಅದಕ್ಕೆ ಮುಂದೆ ಒಂದು ಹೆಸರು ಸಿಗುತ್ತದೆ. ಕಥೆಗಾರನಿಂದ ಇದಕ್ಕಿಂತ ಹೆಚ್ಚೇನನ್ನು ಕೇಳಬೇಕೋ ನನಗೆ ತಿಳಿಯದು.

ಅಲ್ಲದೆ ಬಾಲ್ಯದಲ್ಲಿ ಮೋಹನಸ್ವಾಮಿಯನ್ನು ಅವನ ಹಾವಭಾವಗಳಿಗಾಗಿ ಗೇಲಿಮಾಡುವ ಭಾಗಗಳಲ್ಲಿ ಗದ್ಯಕ್ಕೆ ಬೇರೆಯೇ ಬಲ ಬಂದಿದೆ. ಅಲ್ಲಿ ವಾದವಿಲ್ಲ, ಮನವಿಯಿಲ್ಲ. ಬಳ್ಳಾರಿ ಸೀಮೆಯ ಸಣ್ಣ ಊರಿನ ಆ ಹುಡುಗನನ್ನು ಗಂಗೊಳ್ಳಿಯ ಬೀದಿಯಲ್ಲಿ ಗುರುತಿಸಲು ನನಗೆ ಕಷ್ಟವಾಗಲಿಲ್ಲ. ಪುಸ್ತಕ ಬಂದ ಮೇಲೆ ಊರೂರಿನಿಂದ ಯುವಕರು ತಮ್ಮನ್ನು ಹುಡುಕಿಕೊಂಡು ಮಾತಾಡತೊಡಗಿದರೆಂದೂ, ಅವರಿಗೆ ಉತ್ತರ ಹೇಳುವುದಕ್ಕಾಗಿ ತಾವು ಆಪ್ತಸಲಹೆಯ ತರಬೇತಿ ಪಡೆದುದಾಗಿಯೂ ಲೇಖಕರು ಹೇಳಿಕೊಂಡಿದ್ದಾರೆ. ಕಥೆ ಬರೆದವನು ಕಥೆಯ ಓದುಗರಿಗಾಗಿ ಮತ್ತೆ ವಿದ್ಯಾರ್ಥಿಯಾದ ಪ್ರಸಂಗ ಕನ್ನಡದಲ್ಲಿ ಇನ್ನೆಷ್ಟಿವೆ?

ಆತ್ಮಕಥೆಗಳ ಮಾತನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆ ಕನ್ನಡಕ್ಕೆ ಬಂದು, ಲಿಂಗದೇವರು ಅವರ ‘ನಾನು ಅವನಲ್ಲ ಅವಳು’ ಚಿತ್ರವಾಗಿ, ಅದರ ಅಭಿನಯಕ್ಕಾಗಿ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆತುದು ಎಲ್ಲರಿಗೂ ಗೊತ್ತಿದೆ. ಮಂಜಮ್ಮ ಜೋಗತಿಯವರ ಬಾಳಕಥೆಯನ್ನು ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ್ದಾರೆ. ಜೋಗತಿಯಾಗಿ, ಕಲಾವಿದೆಯಾಗಿ, ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀಯಾಗಿ ಅವರು ಏರಿದ ಎತ್ತರ ದೊಡ್ಡದು. ಆದರೆ ಹರೆಯದಲ್ಲಿ ಅವರಿಗೆ ತೆರೆದ ಬಾಗಿಲು ದೇವಿಯದು. ಆ ಬಾಗಿಲಿನಿಂದ ಒಳಹೋದವರಿಗೆ ಮನೆಯ ಬಾಗಿಲು ಮುಚ್ಚಿತು. ಎರಡು ಬಾಗಿಲೂ ತೆರೆದಿರುವ ಕಥೆಯನ್ನು ಕನ್ನಡದಲ್ಲಿ ಇನ್ನು ಮುಂದೆ ಯಾರೋ ಬರೆಯಬೇಕು, ಅದಕ್ಕೂ ಮೊದಲು ಯಾರೋ ಬಾಳಬೇಕು.

ಮಿತ್ರರಿಗೆ ನಾನು ‘ಮೋಹನಸ್ವಾಮಿ’ಯನ್ನೇ ಕೊಟ್ಟೆ, ಜತೆಗೆ ‘ಕೇಳು ಕಿಶೋರಿ’. ‘ಮರಳಿ ಮಣ್ಣಿಗೆ’ ಅವರ ಗ್ರಂಥಾಲಯದಲ್ಲಿ ಮೊದಲೇ ಇತ್ತು, ಯಾರೂ ಮುಟ್ಟದೆ. “ಇದು ದೊಡ್ಡವರ ಪುಸ್ತಕ ಅಲ್ಲದಾ, ಒಂದೆರಡು ಕಡೆ ಬಿಡಿಸಿ ಬರೆದದ್ದೂ ಉಂಟು, ಪ್ರಿನ್ಸಿಪಾಲರು ಕಂಡರೆ?” ಎಂದು ಅವರು ಪುಟ ತಿರುವಿದರು. ದ್ವಿತೀಯ ಪಿ.ಯು.ಸಿ. ಓದುವವರು ಬಸ್ ನಿಲ್ದಾಣದ ಗೋಡೆಯನ್ನು ಓದಿ ಮುಗಿಸಿದವರೇ ಎಂದೆ. 1990ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಿಂದ ಇದನ್ನು ತೆಗೆದುಹಾಕಿದ್ದನ್ನೂ, 2018ರಲ್ಲಿ ಭಾರತೀಯ ಮನೋವೈದ್ಯರ ಸಂಘವು ಇದು ಕಾಯಿಲೆಯಲ್ಲವೆಂದು ಹೇಳಿದ್ದನ್ನೂ ಅವರು ಒಂದು ಕಾಗದದಲ್ಲಿ ಬರೆದುಕೊಂಡರು, ಪ್ರಿನ್ಸಿಪಾಲರು ಕೇಳಿದರೆ ಇರಲಿ ಎಂದು. ಪಠ್ಯಪುಸ್ತಕಕ್ಕೆ ಹಾಕುವ ಹಾಗೆ ಎರಡಕ್ಕೂ ಖಾಕಿ ಕಾಗದದ ಬೈಂಡು ಹಾಕಿ, ಒಳಪುಟದಲ್ಲಿ ಪೆನ್ಸಿಲಿನಿಂದ 14416 ಎಂದು ಟೆಲಿ-ಮನಸ್ ಸಹಾಯವಾಣಿಯ ಸಂಖ್ಯೆಯನ್ನೂ, ‘ಹೆಸರು ಹೇಳಬೇಕೆಂದಿಲ್ಲ, ಕನ್ನಡದಲ್ಲೇ ಮಾತಾಡಬಹುದು’ ಎಂಬ ಒಂದು ಸಾಲನ್ನೂ ಬರೆದರು. ಗ್ರಂಥಪಾಲಕರ ಮೇಜಿಗೆ ಕಾಣದ, ಕಿಟಕಿಯ ಬದಿಯ ಕಪಾಟನ್ನು ಆರಿಸಿಕೊಂಡರಂತೆ.

ನವರಾತ್ರಿಯ ರಜೆಯಲ್ಲಿ ಮತ್ತೆ ಬಂದಿದ್ದರು. ಮುಖದಲ್ಲಿ ಗೆಲುವು. ‘ಮೋಹನಸ್ವಾಮಿ’ ಕಪಾಟಿನಲ್ಲಿಲ್ಲ, ಎರವಲು ಪುಸ್ತಕದಲ್ಲಿ ಯಾರ ಸಹಿಯೂ ಇಲ್ಲ. ಗ್ರಂಥಪಾಲಕರು ಕಳವೆಂದು ಬರೆದುಕೊಂಡು, ಬೆಲೆಯನ್ನು ಇವರಿಂದಲೇ ವಸೂಲು ಮಾಡಿದ್ದಾರಂತೆ. ಇನ್ನೊಂದು ಪ್ರತಿ ಬೇಕೆಂದರು. ತರಿಸಿಕೊಟ್ಟಿದ್ದೇನೆ.